ಖಾಲಿ ಟ್ಯೂಬಿನಲ್ಲಿ ಎರಡು ಗೆರೆ

ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಹತ್ತು
ಎರಡನೇ ಮಹಡಿ, ಜೆನೆಟಿಕ್ಸ್ ಕೋಣೆಯ ಹೊರಗಿನ ಬೆಂಚು

ನನ್ನ ಟೀಚರಮ್ಮನವರ ಸನ್ನಿಧಿಗೆ, ಐದು ವಾರಗಳಿಂದ ಬಾಯಿಗೆ ಮಾಸ್ಕು ಕಟ್ಟಿಸಿಕೊಂಡಿರುವ ನಿನ್ನ ಯಜಮಾನನ ನಮಸ್ಕಾರ ಹಾಗೂ ತಪ್ಪೊಪ್ಪಿಗೆ!

ಗಾಬರಿ ಬೀಳಬೇಡ. ಮೈ ಚೆನ್ನಾಗಿದೆ, ಊಟ ನಿದ್ದೆ ಎರಡೂ ಸಲೀಸು. ಹಾಸ್ಟೆಲಿನ ಮಂಚ ಮಾತ್ರ ನಾನು ಮಗ್ಗುಲಾದಾಗಲೆಲ್ಲ ರಂಗದ ಮೇಲೆ ಅರಮನೆ ಕುಸಿದಂತೆ ಸದ್ದು ಮಾಡುತ್ತದೆ. ಹೋದ ವಾರದ ನಿನ್ನ ಕಾರ್ಡು ತಲುಪಿತು. ನಾಲ್ಕೇ ಸಾಲು: ಮಂಡಿನೋವು ಕಡಿಮೆ, ಶಾಲೆಗೆ ಸುಣ್ಣ ಬಳಿದರು, ಮಕ್ಕಳ ಪರೀಕ್ಷೆ ಹತ್ತಿರ, ತರಬೇತಿ ಹೇಗಿದೆ ಬರೆಯಿರಿ, ಉದ್ದ ಬೇಡ. ಕ್ಷಮಿಸಬೇಕು ತಾಯಿ, ಇದು ಉದ್ದವಾಗುತ್ತದೆ. ಒಳಗೆ ಒಂದು ಯಂತ್ರ ಮೂರು ಹನಿಗಳನ್ನು ಬಿಸಿ ಮಾಡುತ್ತ, ತಣಿಸುತ್ತ, ಮತ್ತೆ ಬಿಸಿ ಮಾಡುತ್ತ ಕೂತಿದೆ. ಎರಡು ಗಂಟೆಯ ಕೆಲಸ. ಅಲ್ಲಿಯವರೆಗೆ ನಾನು ಈ ಬೆಂಚು ಬಿಟ್ಟು ಏಳಬಾರದು, ಯಾರೊಡನೆಯೂ ಮಾತಾಡಬಾರದು ಎಂದು ಮೇಡಂ ಅವರ ಆಜ್ಞೆ. ನಿನ್ನೊಡನೆ ಅಲ್ಲದೆ ಇನ್ನಾರೊಡನೆ ಮಾತಾಡಲಿ? ಬರೆಯುವುದಕ್ಕೆ ನಿಷೇಧವಿಲ್ಲ!

ಹಾಗಾದರೆ ಕೇಳು. ಈ ಪತ್ರದಲ್ಲಿ ಒಂದು ಅಪರಾಧವಿದೆ, ಒಬ್ಬ ಅಪರಾಧಿಯಿದ್ದಾನೆ, ತೀರ್ಪು ಯಂತ್ರದೊಳಗೆ ಬೇಯುತ್ತಿದೆ. ಆ ತೀರ್ಪಿನ ಮೇಲೆ ಒಬ್ಬ ಹುಡುಗಿಯ ಕೆಲಸ ನಿಂತಿದೆ. ಅಪರಾಧಿ ಯಾರು ಎಂದು ನೀನು ಆಗಲೇ ಊಹಿಸಿರುತ್ತೀಯ.

ಮೊದಲಿಂದ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ನಮ್ಮ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ರಕ್ತ, ಮೂತ್ರ ನೋಡಿಕೊಂಡು ಕೂತವನನ್ನು, ಐವತ್ತೆರಡರ ವಯಸ್ಸಿನಲ್ಲಿ, ಸೂಕ್ಷ್ಮಾಣು ಬೆಳೆಸುವುದನ್ನೂ ವಂಶವಾಹಿ ಓದುವುದನ್ನೂ ಕಲಿತು ಬಾ ಎಂದು ನಮ್ಮ ಡಾಕ್ಟರು ಇಲ್ಲಿಗೆ ಅಟ್ಟಿದರಲ್ಲ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನೀನು ಕಾರ್ಡಿನಲ್ಲಿ ಬರೆಯದಿದ್ದರೂ ನನಗೆ ಕೇಳಿಸಿತ್ತು. ಕ್ಲಾಸಿನಲ್ಲಿ ಹನ್ನೆರಡು ಜನ. ಹನ್ನೊಂದು ಮಂದಿ ನನ್ನ ಮಕ್ಕಳ ವಯಸ್ಸಿನವರು. ಮೇಡಂ ಅವರದು ಐದಡಿ ಎತ್ತರ, ಆರಡಿ ಶಿಸ್ತು.

ಮೊದಲ ದಿನವೇ ಅವರು ಹನ್ನೆರಡು ಜನರ ಮುಂದೆ ಹನ್ನೆರಡು ಪ್ಲೇಟು ಇಟ್ಟರು. ಊಟದ ಪ್ಲೇಟಲ್ಲ, ಅಂಗೈಯಗಲದ ದುಂಡು ಡಬ್ಬಿ, ಒಳಗೆ ಕೆಂಪಗೆ ಹೆಪ್ಪುಗಟ್ಟಿದ ಆಹಾರ. ಸೂಕ್ಷ್ಮಾಣುಗಳಿಗೆ ಅದೇ ಔತಣ. ಮುಚ್ಚಳ ತೆಗೆದು ಒಬ್ಬೊಬ್ಬರೂ ಅದರ ಮೇಲೆ ಒಂದು ನಿಮಿಷ ಮಾತಾಡಿ ಎಂದರು. ಮಾತಾಡಿ ಎಂದರು ಕಣೇ! ನನಗೆ! ಉಳಿದವರು ತಮ್ಮ ಹೆಸರು, ಓದು ಹೇಳಿ ತಡವರಿಸಿ ನಿಂತರು. ನಾನು ಎದೆಯುಬ್ಬಿಸಿ, ಯುದ್ಧಕ್ಕೆ ಹೊರಟ ರಾಜನ ಮಾತನ್ನು ರಾಣಿಯ ಬೀಳ್ಕೊಡುಗೆಯ ಸಮೇತ ಒಪ್ಪಿಸಿಬಿಟ್ಟೆ. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಂತಿದ್ದರು. ಮಾರನೆಯ ದಿನ ನೋಡಿದರೆ ಎಲ್ಲರ ಪ್ಲೇಟಿನಲ್ಲಿ ಐದೋ ಹತ್ತೋ ಚುಕ್ಕೆ. ನನ್ನದು ಹೌಸ್‌ಫುಲ್! ಬಿಳಿ, ಹಳದಿ, ಬೂದು, ಕಾಲಿಡಲು ಜಾಗವಿಲ್ಲ. ಮೇಡಂ ಅದನ್ನು ಎತ್ತಿ ಹಿಡಿದು ತೋರಿಸಿದರು. "ನೋಡ್ಕೊಳ್ಳಿ, ಇದು ಇವರ ಭಾಷಣ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋದು ಹೊರಗಡೆ ಗಾದೆ. ಈ ಕೋಣೇಲಿ ಅದು ನಿಯಮ" ಎಂದರು. ಅಂದಿನಿಂದ ನನ್ನ ಹೆಸರು ಲೌಡ್‌ಸ್ಪೀಕರ್.

ಆದರೆ ಸುಳ್ಳೇಕೆ ಹೇಳಲಿ, ಇಷ್ಟು ಸಂತೋಷವಾಗಿ ನಾನು ಇದ್ದದ್ದು ನಾಟಕ ಕಂಪನಿಯ ಡೇರೆಯಲ್ಲೇ ಕೊನೆ. ತುದಿಯಲ್ಲಿ ಕುಣಿಕೆ ಮಾಡಿದ ಒಂದು ತಂತಿಯಿದೆ, ಲೂಪು ಎನ್ನುತ್ತಾರೆ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ರೋಗಿಯ ಕಫವನ್ನೋ ಕೀವನ್ನೋ ಅದರಲ್ಲಿ ಮುಟ್ಟಿ ಪ್ಲೇಟಿನ ಮೇಲೆ ಗೀರಬೇಕು. ಆರಿಸದೆ ಗೀರಿದೆ ನೋಡು, ಚುರ್ರೆಂದಿತು, ಎಲ್ಲವೂ ಸ್ವರ್ಗಸ್ಥ. "ಸ್ವಲ್ಪ ಆರ್ಲಿ ಸರ್, ಯಾರ ಮೇಲೆ ಜಗಳಕ್ಕೆ ಹೊರಟಿದೀರಿ?" ಎಂದು ಮೇಡಂ. ಸರಿಯಾಗಿ ಗೀರಿದರೆ ಮಾರನೆಯ ದಿನ ಮೊದಲ ಮೂಲೆಯಲ್ಲಿ ಟಿಕೆಟ್ ಕಿಟಕಿಯ ನೂಕುನುಗ್ಗಲು, ಕೊನೆಯ ಮೂಲೆಯಲ್ಲಿ ಒಂಟಿ ಚುಕ್ಕೆಗಳು, ಬೆಳಕಿನ ವೃತ್ತದಲ್ಲಿ ಒಬ್ಬನೇ ನಟ ನಿಂತ ಹಾಗೆ. ಆ ಒಂಟಿಯನ್ನು ಹಿಡಿದು ಹೆಸರು ಕೇಳಿದರೆ ರೋಗಿಗೆ ಯಾವ ಔಷಧಿ ಎಂದು ತಿಳಿಯುತ್ತದೆ. ಮೊದಲ ಸಲ ನನ್ನ ಪ್ಲೇಟಿನಲ್ಲಿ ಒಂಟಿ ಚುಕ್ಕೆ ಬಂದ ದಿನ ನಾನು ಚಪ್ಪಾಳೆ ಹೊಡೆದೆ. ಕೈಗವಸಿನಲ್ಲಿ ಚಪ್ಪಾಳೆಯ ಸದ್ದೇ ಬರುವುದಿಲ್ಲ, ಗೊತ್ತೇ?

ನಿನಗೆ ಮೆಚ್ಚುಗೆಯಾಗುವ ಇನ್ನೊಂದು ಕಟ್ಟಳೆ ಇಲ್ಲಿದೆ. ರಿಜಿಸ್ಟರಿನಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಕೆರೆಯುವಂತಿಲ್ಲ, ಮೇಲೆ ಬಿಳಿ ಬಳಿಯುವಂತಿಲ್ಲ. ಅಡ್ಡಲಾಗಿ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಗೆರೆಯ ಕೆಳಗಿನ ತಪ್ಪು ಓದಲು ಬರಬೇಕು. "ತಪ್ಪು ಮಾಡೋದು ಮನುಷ್ಯರು. ಅದನ್ನ ಮುಚ್ಚಿಡೋರು ನನ್ನ ಲ್ಯಾಬಿಗೆ ಬೇಡ" ಎನ್ನುತ್ತಾರೆ ಮೇಡಂ. ನಿನ್ನ ಶಾಲೆಯ ಮಕ್ಕಳಿಗೂ ಇದನ್ನು ಕಲಿಸು.

ಇಬ್ಬಿಬ್ಬರನ್ನು ಜೋಡಿ ಮಾಡಿದರು. ನನ್ನ ಪಾಲಿಗೆ ಬಂದವಳು ಇಪ್ಪತ್ನಾಲ್ಕರ ಒಬ್ಬ ಹುಡುಗಿ. ಕ್ಲಾಸು ಅವಳಿಗಿಟ್ಟ ಹೆಸರು ಮೌನಗೌರಿ. ನನಗವಳು ಅಂಕಲ್ ಎನ್ನುತ್ತಾಳೆ. ಒಂದು ಕಾಲಕ್ಕೆ ಅರ್ಧ ಡಜನ್ ರಾಜರಿಗೆ ಮಾತು ಕೊಟ್ಟವನು, ಅಂಕಲ್ಲಂತೆ! ಲೌಡ್‌ಸ್ಪೀಕರಿಗೂ ಮೌನಗೌರಿಗೂ ಗಂಟು ಹಾಕಿದ್ದು ಮೇಡಂ ಅವರ ತಮಾಷೆಯೋ ಶಿಕ್ಷೆಯೋ ತಿಳಿಯದು. ಅವಳ ಕೈ ಬಹಳ ಚೊಕ್ಕ; ಹನಿ ಎಣಿಸಿದರೆ ಯಂತ್ರ ನಾಚಬೇಕು. ಮಾತು ಮಾತ್ರ ನಿಧಾನ. ಒಂದು ಪದ ಆಡುತ್ತಾಳೆ, ನಿಲ್ಲುತ್ತಾಳೆ, ಒಳಮನೆಗೆ ಹೋಗಿ ಎರಡನೆಯದನ್ನು ಹುಡುಕಿ ತರುತ್ತಾಳೆ. ಅಷ್ಟರಲ್ಲಿ ನಾನು ನಾಲ್ಕು ಪದ ತಂದು ಅವಳ ಕೈಯಲ್ಲಿಟ್ಟಿರುತ್ತೇನೆ. "ಅಂಕಲ್, ಆ ನೀಲಿ…" "ಡಬ್ಬಿ ತಾನೇ? ತಗೋ!" "ಅಲ್ಲ, ನೀಲಿ…" "ಪೆನ್ನಾ? ಇಗೋ!" ಪಾಪ, ಕೊನೆಗೆ ಎದ್ದು ಹೋಗಿ ತನಗೆ ಬೇಕಾದ್ದನ್ನು ತಾನೇ ತಂದುಕೊಳ್ಳುತ್ತಿದ್ದಳು.

ಅವಳ ಊರಿನ ಆಸ್ಪತ್ರೆಯಲ್ಲಿ ಇಂಥದೇ ಲ್ಯಾಬು ಹೊಸದಾಗಿ ತೆರೆಯುತ್ತಾರೆ. ಈ ತಿಂಗಳ ಕೊನೆಗೆ ಪ್ರಮಾಣಪತ್ರ ತಂದರೆ ಆ ಕುರ್ಚಿ ಅವಳದು. ಮುಂದಿನ ಬ್ಯಾಚಿಗೆ ಬಿದ್ದರೆ ಆರು ತಿಂಗಳು, ಅಷ್ಟು ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಇದನ್ನವಳು ನನಗೆ ಹೇಳಿ ಮುಗಿಸಲು ಎರಡು ಮಧ್ಯಾಹ್ನ ಹಿಡಿಯಿತು. ನಾನು ಅಡ್ಡ ಬಾಯಿ ಹಾಕದಿದ್ದರೆ ಒಂದೇ ಸಾಕಾಗುತ್ತಿತ್ತೇನೋ.

ಈಗ ರಂಗದ ಮಧ್ಯಕ್ಕೆ ಬರುತ್ತೇನೆ. ಈ ವಾರ ಜೆನೆಟಿಕ್ಸು. ನಮ್ಮ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಜೀವಕೋಶಗಳಲ್ಲಿ ಒಂದು ನಿರ್ದಿಷ್ಟ ಜಾಗವನ್ನು ಯಂತ್ರ ಕೋಟಿಗಟ್ಟಲೆ ನಕಲು ಮಾಡುತ್ತದೆ. ಆ ನಕಲನ್ನು ಜೆಲ್ ಎಂಬ ಪಾರದರ್ಶಕ ಹಲಗೆಯಲ್ಲಿ ಓಡಿಸಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟರೆ ಹೊಳೆಯುವ ಗೆರೆಗಳು ಕಾಣುತ್ತವೆ. ಆ ಜಾಗದಲ್ಲಿ ಕೆಲವರಿಗೆ ಒಂದು ಚಿಕ್ಕ ತುಂಡು ಹೆಚ್ಚಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಒಂದೇ ತರಹ ಇದ್ದರೆ ಒಂದು ಗೆರೆ, ಬೇರೆ ಬೇರೆ ಇದ್ದರೆ ಎರಡು. ಮೌನಗೌರಿಯದು ಒಂದೇ ಗೆರೆ, ಅಲ್ಲೂ ಮಿತಭಾಷಿ! ನನ್ನದು ಎರಡು.

ಇಷ್ಟರ ಜೊತೆಗೆ ಪ್ರತಿ ಜೋಡಿಗೂ ಒಂದು ಖಾಲಿ ಟ್ಯೂಬು. ಅದಕ್ಕೂ ಎಲ್ಲ ದ್ರಾವಣ ಹಾಕಬೇಕು, ಮನುಷ್ಯನ ಕೋಶ ಮಾತ್ರ ಹಾಕಬಾರದು. ಅದರ ಬದಲು ಶುದ್ಧ ನೀರು. ಅದರಲ್ಲಿ ಗೆರೆಯೇ ಬರಬಾರದು. ಅದು ನಮ್ಮ ನಾಟಕದ ಮೂಕ ಪಾತ್ರ. ಮೂಕ ಪಾತ್ರ ಮಾತಾಡಿತೆಂದರೆ ಎಲ್ಲಿಂದಲೋ ಹೊಲಸು ನುಗ್ಗಿದೆ ಎಂದರ್ಥ, ಆಮೇಲೆ ಉಳಿದ ಟ್ಯೂಬುಗಳ ಮಾತನ್ನೂ ನಂಬುವಂತಿಲ್ಲ. ಯಾರ ಕೈಯಿಂದ ಖಾಲಿ ಟ್ಯೂಬು ಕೆಟ್ಟಿತೋ ಅವರು ಶನಿವಾರದ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ, ಮುಂದಿನ ಬ್ಯಾಚಿಗೆ ಬರಬೇಕು. ಇದೂ ಮೇಡಂ ಅವರ ಕಟ್ಟಳೆ.

ನಿನ್ನೆ ಬೆಳಿಗ್ಗೆ ನಾವು ಟ್ಯೂಬು ತುಂಬುತ್ತಿದ್ದೆವು. ಖಾಲಿ ಟ್ಯೂಬಿನ ಮುಚ್ಚಳ ತೆರೆದಿತ್ತು. ಕತ್ತಿವರಸೆಯ ನಡುವೆ ಖಳನಾಯಕನ ಮೀಸೆ ಕಿತ್ತು ಬಂದು ರಾಜನ ಗಲ್ಲಕ್ಕೆ ಅಂಟಿಕೊಂಡ ಕಥೆ ನೀನು ನಲವತ್ತು ಸಲ ಕೇಳಿದ್ದೀಯ. ಅವಳು ಕೇಳಿರಲಿಲ್ಲ! ಆ ಕಥೆ ಮಾಸ್ಕಿನೊಳಗೆ ಹಿಡಿಸುವಂಥದ್ದೇ? ಎಳೆದು ಗಲ್ಲದ ಕೆಳಗಿಟ್ಟೆ. ಬಗ್ಗಿ, ಎದ್ದು, ಅಭಿನಯಿಸಿ ತೋರಿಸಿದೆ. ಅವಳು ಕಣ್ಣಗಲಿಸಿ "ಅಂಕಲ್, ಮಾ…" ಎಂದಳು. "ಮಾತು ಮುಗೀಲಿ, ಇರು!" ಎಂದೆ.

ಮಧ್ಯಾಹ್ನ ಜೆಲ್ ನೋಡಿದರೆ ಮೂಕ ಪಾತ್ರ ಮಾತಾಡಿತ್ತು.

ಮೇಡಂ ರಿಜಿಸ್ಟರ್ ತೆರೆದು, ತಲೆ ಎತ್ತದೆ ಕೇಳಿದರು: "ಖಾಲಿ ಟ್ಯೂಬು ಯಾರ ಕೈ? ಏನಾಯ್ತು?" ಮೌನಗೌರಿ "ನಾನು…" ಎಂದು ನಿಂತಳು.

ನಿನಗೆ ನನ್ನ ಮೂಲ ಕಸುಬು ಗೊತ್ತು. ಕಂಪನಿಯಲ್ಲಿ ನಾನು ರಾಜನಲ್ಲ, ಖಳನಲ್ಲ, ವಿಂಗಿನ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತ ಪ್ರಾಂಪ್ಟರ್. ನಟ ತಡೆದ ಎನ್ನುವಷ್ಟರಲ್ಲಿ ಮುಂದಿನ ಸಾಲು ಅವನ ಕಿವಿಗೆ ಬೀಳಬೇಕು. ಅದೂ ಪಾತ್ರದ ದನಿಯಲ್ಲೇ. ರಾಣಿಗೆ ರಾಣಿಯ ದನಿ, ದಾಸಿಗೆ ದಾಸಿಯ ದನಿ. ಆಗ ನಡುವೆ ಸಾಲು ಮರೆತದ್ದು ಪ್ರೇಕ್ಷಕನಿಗೆ ತಿಳಿಯುವುದೇ ಇಲ್ಲ. ಮೂವತ್ತು ವರ್ಷ ಕಳೆದರೂ ನಾಲಿಗೆ ಆ ಚಾಕರಿ ಬಿಟ್ಟಿಲ್ಲ. ಹಿಂದಿನ ವಾರ ಅವಳ ಕೈಯಿಂದ ಒಂದು ಹನಿ ಮೇಜಿನ ಮೇಲೆ ಬಿದ್ದದ್ದು ತಲೆಯಲ್ಲೆಲ್ಲೋ ಕೂತಿತ್ತು. ಅವಳು "ನಾನು…" ಎಂದು ನಿಂತಳೋ ಇಲ್ಲವೋ, ಹುಡುಗಿಯ ದನಿಯಲ್ಲಿ ನನ್ನ ಬಾಯಿಂದ ಬಂತು: "…ಕೈ ತಪ್ಪಿ ಹನಿ ಬೀಳಿಸ್ಬಿಟ್ಟೆ ಮೇಡಂ."

ಇಬ್ಬರ ಬಾಯಿಗೂ ಮಾಸ್ಕು. ತುಟಿ ಯಾರದು ಅಲ್ಲಾಡಿತು ಎಂದು ಯಾರು ನೋಡುತ್ತಾರೆ? ಮೇಡಂ ಬರೆದುಕೊಂಡರು. "ಒಪ್ಕೊಂಡಿದ್ದು ಒಳ್ಳೇದಾಯ್ತು. ಬೇಜಾರಾಗ್ಬೇಡ, ಮುಂದಿನ ಬ್ಯಾಚಿಗೆ ಬಾ" ಎಂದು ಹೊರಟೇಹೋದರು. ಮೌನಗೌರಿ ನನ್ನನ್ನು ನೋಡಿದಳು. ಅರ್ಧ ತೆರೆದ ಬಾಗಿಲನ್ನು ಯಾರೋ ಹೊರಗಿನಿಂದ ಎಳೆದು ಚಿಲಕ ಹಾಕಿದರೆ ಒಳಗಿನವರು ನೋಡುವ ನೋಟ ಅದು. ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದಳು.

ನಾನೊಬ್ಬನೇ ಉಳಿದೆ. ಬೆಳಕಿನ ಪೆಟ್ಟಿಗೆ ಇನ್ನೂ ಉರಿಯುತ್ತಿತ್ತು. ಬಗ್ಗಿ ನೋಡಿದೆ. ಖಾಲಿ ಟ್ಯೂಬಿನ ಸಾಲಿನಲ್ಲಿ ಒಂದು ಗೆರೆ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿದೆ. ಅದರ ಮೇಲೆ, ಹುಬ್ಬು ತೀಡಿದಷ್ಟು ತೆಳ್ಳಗೆ, ಇನ್ನೊಂದು. ಎರಡು ಗೆರೆ! ಅವಳದು ಒಂದೇ ಗೆರೆ ಕಣೇ. ಎರಡು ಗೆರೆ ನನ್ನದು. ಆ ಮೀಸೆಯ ಕಥೆ ಎಂಜಲಾಗಿ ಹಾರಿ, ತೆರೆದ ಟ್ಯೂಬಿಗೆ ಬಿದ್ದು, ಮೈ ತುಂಬಿಕೊಂಡು ಬಂದು ನನ್ನನ್ನೇ ತೋರಿಸುತ್ತಿತ್ತು.

ಆಗ ನಾನು ಏನು ಮಾಡಬೇಕಿತ್ತು? ಕಾರಿಡಾರಿನ ತುದಿಯವರೆಗೆ ಕೇಳುವಂತೆ ಮೇಡಂ ಎಂದು ಕೂಗಬೇಕಿತ್ತು. ಜನ್ಮವಿಡೀ ಬೇಡದ ಕಡೆ ಬಾಯಿ ಹಾಕಿದವನು, ಬೇಕಾದ ಒಂದು ಗಳಿಗೆಯಲ್ಲಿ ಸುಮ್ಮನಿದ್ದೆ. ಪೆಟ್ಟಿಗೆಯ ದೀಪ ಆರಿಸಿ ಹೋಗಿಬಿಟ್ಟೆ.

ಹಾಸ್ಟೆಲಿನ ಮಂಚದ ಮೇಲೆ ಕೂತಾಗ ಕಣ್ಣ ಮುಂದೆ ಬಂದದ್ದು ಆ ಹುಡುಗಿಯಲ್ಲ, ನೀನು. ಐದು ವರ್ಷದ ಹಿಂದಿನ ಭಾನುವಾರ. ನಮ್ಮ ಹಾಲಿನ ಬೆತ್ತದ ಕುರ್ಚಿಗಳಲ್ಲಿ ಶಾಲಾ ಸಮಿತಿಯ ಮೂವರು. "ನಮ್ಮೂರಿನ ಶಾಲೆಗೆ ಹೆಡ್‌ಮೇಡಂ ಆಗಿ ನೀವೇ ಬರ್ಬೇಕು. ಏನಂತೀರಿ ಟೀಚರ್?" ನೀನು "ನನಗೆ…" ಎಂದು ನಿಂತೆ. ನಾನು ಒಳಗಿನಿಂದ ಟ್ರೇ ಹಿಡಿದು ಬರುತ್ತಲೇ ಸಾಲು ಎತ್ತಿಕೊಟ್ಟೆ: "…ಈ ಮನೆ ಬಿಟ್ಟು ಬರೋಕೆ ಮನಸ್ಸಿಲ್ಲ, ಅಂತಾಳೆ!" ಅವರು ನಕ್ಕರು. ಟೀ ಕುಡಿದು ಹೊರಟರು. ನೀನು ಐದು ಲೋಟಗಳನ್ನು ಒಂದೊಂದನ್ನೂ ಎರಡೆರಡು ಸಲ ತೊಳೆದೆ. ನಿನ್ನ ಸಾಲನ್ನು ನಾನು ತಪ್ಪಾಗಿ ಊಹಿಸಿದ್ದೆ, ಅಷ್ಟೇ, ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ, ಬೇರೆ ಊರಿನ ಶಾಲೆಯಲ್ಲಿ ಬರಿಯ ಸಹಶಿಕ್ಷಕಿಯ ಜಾಗ ಎಂದರೂ ನೀನು ನನಗೆ ಹೇಳದೆ ಅರ್ಜಿ ಹಾಕಿ, ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿ ನಿಂತಾಗ ಹೇಳಿದ್ದೆ: "ನಿಮ್ಮನ್ನ ಬಿಟ್ಟು ಹೋಗ್ತಿಲ್ಲ ರೀ. ಒಂದು ವಾಕ್ಯ ಪೂರ್ತಿ ಮಾಡೋಕೆ ಹೋಗ್ತಿದೀನಿ." ಎಂಥ ಡೈಲಾಗು ಎಂದು ನಾನು ಅದನ್ನು ಅಕ್ಕಪಕ್ಕದವರಿಗೆಲ್ಲ ಅಭಿನಯಿಸಿ ತೋರಿಸಿದ್ದೆ. ಅರ್ಥವಾದದ್ದು ನಿನ್ನೆ.

ಇವತ್ತು ಒಂಬತ್ತಕ್ಕೆ ಮೇಡಂ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ: ಮೀಸೆ, ಮಾಸ್ಕು, ದನಿ, ಗೆರೆ. ಹೇಳುತ್ತ ಹೇಳುತ್ತ ದನಿ ಏರಿ, ಬಲಗೈ ಎದೆಗೆ ಹೋಗಿತ್ತೆಂದು ಕಾಣುತ್ತದೆ. ಮೇಡಂ ಕನ್ನಡಕ ತೆಗೆದರು. "ಸರ್, ಇದು ಕೋರ್ಟ್ ಸೀನ್ ಅಲ್ಲ, ಕೈ ಇಳಿಸಿ. ಅವಳ ಬಾಯಿ ಮಾತು ಅಂತ ನಿನ್ನೆ ನಂಬಿ ಕೆಟ್ಟೆ. ನಿಮ್ಮ ಬಾಯಿ ಮಾತು ಅಂತ ಇವತ್ತು ನಂಬಲಾ? ಇಲ್ಲಿ ಯಾರೂ ಹೇಳೋ ಹಾಗಿಲ್ಲ. ಮಾಡಿ ತೋರಿಸ್ಬೇಕು" ಎಂದರು.

ಏರ್ಪಾಡು ಹೀಗಿದೆ. ಮೌನಗೌರಿ ಒಬ್ಬಳೇ ಹೊಸದಾಗಿ ಮೂರು ಟ್ಯೂಬು ತುಂಬಬೇಕು: ಅವಳದು, ನನ್ನದು, ಒಂದು ಖಾಲಿ. ನಾನು ಪಕ್ಕದಲ್ಲಿ ಮಾಸ್ಕು ಕಟ್ಟಿಕೊಂಡು ಗೊಂಬೆಯಂತೆ ಕೂರಬೇಕು. ಯಂತ್ರದ ಕೆಲಸ ಮುಗಿದ ಮೇಲೆ, ನಿನ್ನೆಯ ಕೆಟ್ಟ ಖಾಲಿ ಟ್ಯೂಬಿನಲ್ಲಿ ಉಳಿದದ್ದನ್ನೂ ಪಕ್ಕದಲ್ಲೇ ಓಡಿಸಿ, ನಾಲ್ಕನ್ನೂ ಸಾಲಾಗಿ ನೋಡುವುದು. ನಿನ್ನೆಯದರಲ್ಲಿ ಎರಡು ಗೆರೆ ಸ್ಪಷ್ಟವಾಗಿ ಬಂದರೆ ತಪ್ಪು ನನ್ನದು. ಒಂದೇ ಬಂದರೆ, ನನ್ನ ಕಣ್ಣು ಮೋಸ ಮಾಡಿತು, ತಪ್ಪು ಅವಳದೇ. ನನ್ನ ಕಣ್ಣಿಗೆ ಐವತ್ತೆರಡು ವರ್ಷ. ಅದೇ ಭಯ.

ಮೆಟ್ಟಿಲ ಮೇಲೆ ಅವಳ ಕ್ಷಮೆ ಕೇಳಿದೆ. ನಿನ್ನೆ ಏನು ಹೇಳಹೊರಟಿದ್ದೆ ಎಂದು ವಿಚಾರಿಸಿದೆ. "ಮೊದ್ಲು ಟ್ಯೂಬು ಅಂಕಲ್. ಆಮೇಲೆ ಮಾತು" ಎಂದಳು. ನಾನಿಟ್ಟ ಪದವಿಲ್ಲದೆ ಅವಳು ಪೂರ್ತಿ ಮಾಡಿದ ಮೊದಲ ವಾಕ್ಯ.

ಯಂತ್ರ ಪೀಂ ಎನ್ನುತ್ತಿದೆ. ಬರುತ್ತೇನೆ.

ಮಧ್ಯಾಹ್ನ ಒಂದೂ ಇಪ್ಪತ್ತು

ಜೆಲ್ ಓಡುತ್ತಿದೆ. ನಲವತ್ತು ನಿಮಿಷ. ಪೆಟ್ಟಿಗೆಯೊಳಗೆ ನೀಲಿ ಬಣ್ಣ ಇಂಚಿಂಚೇ ಜರುಗುತ್ತದೆ. ಪರದೆ ಏಳುವ ಹೊತ್ತಿನಲ್ಲಿ ಹಗ್ಗ ಸಿಕ್ಕಿಕೊಂಡಂತೆ ಜೀವ ಹಿಂಡುತ್ತದೆ. ಮೌನಗೌರಿ ಎದುರಿನ ಬೆಂಚಿನಲ್ಲಿ ಸೇಬು ತಿನ್ನುತ್ತಿದ್ದಾಳೆ. ಅರ್ಧ ಕೊಯ್ದು ನನಗೂ ಕೊಟ್ಟಳು. ತಿಂದೆ. ಬೆಳಿಗ್ಗೆ ಅವಳು ಟ್ಯೂಬು ತುಂಬುವಾಗ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆನಲ್ಲ, ಇಪ್ಪತ್ತೈದು ನಿಮಿಷ, ಆಗ ಒಂದು ಸಂಗತಿ ಕಂಡೆ. ಅವಳು ಪ್ರತಿ ಹನಿ ಹಾಕುವ ಮುನ್ನ ಉಸಿರು ಹಿಡಿಯುತ್ತಾಳೆ, ಹಾಕಿ ಮುಚ್ಚಳ ಒತ್ತಿದ ಮೇಲೆ ಬಿಡುತ್ತಾಳೆ. ಐದು ವಾರ ಭುಜಕ್ಕೆ ಭುಜ ತಾಗಿಸಿ ಕೂತರೂ ಇದನ್ನು ನಾನು ನೋಡಿರಲಿಲ್ಲ. ಮಾತಾಡುತ್ತಿರುವವನಿಗೆ ಕಣ್ಣಿದ್ದರೂ ಕಾಣುವುದಿಲ್ಲವೇನೋ. ನಿನ್ನಲ್ಲಿ ಏನೇನು ನೋಡದೆ ಬಿಟ್ಟಿದ್ದೇನೋ.

ಮಧ್ಯಾಹ್ನ ಮೂರು ಗಂಟೆ

ಪರದೆ ಎದ್ದಿತು!

ಮೇಡಂ, ಮೌನಗೌರಿ, ನಾನು, ಮೂರು ತಲೆ ಬೆಳಕಿನ ಪೆಟ್ಟಿಗೆಯ ಮೇಲೆ. ಮೊದಲ ಸಾಲು, ಅವಳದು: ಒಂದು ಗೆರೆ. ಎರಡನೇ ಸಾಲು, ನನ್ನದು: ಎರಡು. ಮೂರನೆಯದು ನಿನ್ನೆಯ ಕೆಟ್ಟ ಟ್ಯೂಬು: ಎರಡು! ಯಾವ ಕುರುಡನೂ ಎಣಿಸಬಹುದಾದ ಎರಡು! ನಾಲ್ಕನೆಯದು ಇವತ್ತಿನ ಖಾಲಿ ಟ್ಯೂಬು. ಅದರಲ್ಲಿ ಏನೂ ಇಲ್ಲ, ಕಣೇ. ಅಚ್ಚ ಕಪ್ಪು. ಏನೂ ಇಲ್ಲದ್ದನ್ನು ನೋಡಿ ಕಣ್ಣು ತುಂಬಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು.

ಮೇಡಂ ರಿಜಿಸ್ಟರ್ ತೆಗೆದು ನಿನ್ನೆಯ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದು ಸಹಿ ಮಾಡಿದರು. ಆಮೇಲೆ ಅವಳ ಕಡೆ ತಿರುಗಿ, "ಅಲ್ಲಮ್ಮಾ, ನಿನ್ನೆ ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ ನೀನು?" ಎಂದರು.

ಅವಳು "ನಾನು…" ಎಂದು ನಿಂತಳು.

ಅಯ್ಯೋ, ಆ ನಿಲುಗಡೆ! ನನ್ನ ಹಲ್ಲಿನ ಹಿಂದೆ ಮೂರು ಸಾಲು ಕ್ಯೂ ನಿಂತವು. "…ಹೆದರಿದ್ದೆ." "…ಅಂಕಲ್‌ಗೆ ಅವಮಾನ ಆಗುತ್ತೆ ಅಂತ." "…ಚಿಕ್ಕವಳು, ಯಾರು ನಂಬ್ತಾರೆ." ಮೂರೂ ಒಳ್ಳೆಯ ಸಾಲು, ಯಾವುದಕ್ಕಾದರೂ ಚಪ್ಪಾಳೆ ಬೀಳುತ್ತಿತ್ತು. ಗೋಡೆ ಗಡಿಯಾರದ ಮುಳ್ಳು ನೋಡುತ್ತ ನಾಲಿಗೆ ಕಚ್ಚಿದೆ. ಹದಿನೇಳು ಸೆಕೆಂಡು. ರಂಗದ ಮೇಲಾದರೆ ಅಷ್ಟು ಹೊತ್ತಿಗೆ ಸೀಟಿ ಬಿದ್ದು ಚಪ್ಪಲಿ ಹಾರಿ ಬರುತ್ತಿತ್ತು. ಮೇಡಂ ಕೂಡ ಕಾದರು.

ಹುಡುಗಿ ಹೇಳಿದ್ದು ಇದು: "ನಾನು ಹೇಳ್ತಾನೇ ಇದ್ದೆ ಮೇಡಂ. ನನ್ನ ಮಾತು ನಿಧಾನ. ಹೇಳಿ ಮುಗಿಯೋವರೆಗೂ ಯಾರೂ ನಿಂತಿರ್ಲಿಲ್ಲ."

ನನ್ನ ಮೂರು ಸಾಲೂ ತಪ್ಪು! "ತಪ್ಪು ನಂದೂ ಇದೆ" ಎಂದರು ಮೇಡಂ. ಶನಿವಾರ ಅವಳು ಪರೀಕ್ಷೆಗೆ ಕೂರುತ್ತಾಳೆ. ತಿಂಗಳ ಕೊನೆಗೆ ಆ ಕುರ್ಚಿ ಅವಳದು, ನನಗೆ ಅನುಮಾನವಿಲ್ಲ. ನನಗೆ ಸೂಕ್ಷ್ಮಾಣು ಭಾಗದ ಪ್ರಮಾಣಪತ್ರ ಮಾತ್ರ. ಜೆನೆಟಿಕ್ಸಿಗೆ ಮುಂದಿನ ಬ್ಯಾಚು. "ಲೌಡ್‌ಸ್ಪೀಕರ್ ಸರ್, ಬರ್ತೀರಾ? ಇಲ್ಲ, ಸಾಕಾಯ್ತಾ?" ಎಂದು ಮೇಡಂ ಕೇಳಿದರು. ಬರುವುದೇ? ಆರು ತಿಂಗಳಿಗೆ ಇನ್ನೊಂದು ಸೀಸನ್ ಸಿಕ್ಕಿದೆ ನನಗೆ! ನಮ್ಮ ಡಾಕ್ಟರು ಬೈಯುತ್ತಾರೆ, ಬೈಯಲಿ.

ಇಷ್ಟು ಬರೆದು ಈಗ ನಿನ್ನ ಬಳಿ ಒಂದೇ ಬೇಡಿಕೆ. ಆ ಹುಡುಗಿಯ ಹಾಗೆ ನೀನೂ ಐದು ವರ್ಷದಿಂದ ಹೇಳುತ್ತಲೇ ಇದ್ದೀಯೇನು? "ನನಗೆ…" ಎಂದು ನೀನು ಶುರು ಮಾಡಿದ್ದು ಅಲ್ಲಿಗೇ ನಿಂತಿದೆ. ಮುಂದಿನ ಭಾನುವಾರ ನಾನು ನಿನ್ನ ಊರಿಗೆ ಬರಲೇ? ಮನೆಗೆ ಬಾ ಎಂದು ಕೇಳಲು ಅಲ್ಲ. ನಿನ್ನ ಕೋಣೆಯಲ್ಲಿ ಒಂದು ಕುರ್ಚಿ ಕೊಡು, ಕೂರುತ್ತೇನೆ. ಹದಿನೇಳು ಸೆಕೆಂಡಾಗಲಿ, ಹದಿನೇಳು ನಿಮಿಷವಾಗಲಿ, ಸಂಜೆಯ ಬಸ್ಸಿನವರೆಗಾಗಲಿ. ಬೇಕಾದರೆ ಮಾಸ್ಕು ತರುತ್ತೇನೆ. ಬರಬೇಡಿ ಎಂದರೂ ಸರಿ, ಅದನ್ನೂ ಪೂರ್ತಿಯಾಗಿ ಬರೆ. ಕಾರ್ಡಿನಲ್ಲಿ ನಿನಗೆ ಜಾಗ ಸಾಲುವುದಿಲ್ಲ, ಅದಕ್ಕೇ ಇದರೊಳಗೆ ಒಂದು ಖಾಲಿ ಹಾಳೆ ಇಟ್ಟಿದ್ದೇನೆ. ಅದರ ಮೇಲೆ ನಾನು ಒಂದು ಚುಕ್ಕೆಯನ್ನೂ ಬೀಳಿಸಿಲ್ಲ. ಮಡಚುವಾಗ ಉಸಿರು ಸಹ ಹಿಡಿದಿದ್ದೆ.

ಮಂಡಿಗೆ ಬಿಸಿ ಶಾಖ ಕೊಟ್ಟುಕೋ.

ಬಾಯಿ ಮುಚ್ಚಿ ಕಿವಿ ತೆರೆದು ಕೂತಿರುವ,
ನಿನ್ನ ನಿವೃತ್ತ ಪ್ರಾಂಪ್ಟರ್

ತಾ.ಕ.: ಅಂಟು ಹಚ್ಚುವ ಮುನ್ನ ಒಂದು ತಿದ್ದುಪಡಿ. ಸಮಿತಿಯವರ ಎದುರು ನಿನ್ನ ಸಾಲನ್ನು ತಪ್ಪಾಗಿ ಊಹಿಸಿದ್ದೆ ಎಂದು ಮೇಲೆ ಬರೆದಿದ್ದೇನಲ್ಲ, ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ್ದೇನೆ, ನೋಡು. ಕೆಳಗಿನದು ಓದಲು ಬರುತ್ತದೆ. ಸರಿಯಾದದ್ದು ಇದು. ಮೌನಗೌರಿಯ ಪರಿಚಯ ಐದು ವಾರದ್ದು, ಅವಳ ಸಾಲು ನನಗೆ ಗೊತ್ತಿರಲಿಲ್ಲ. ನಿನ್ನದು ಗೊತ್ತಿತ್ತು. ನಾನು ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ, "ಒಪ್ಪಿಗೆ" ಎನ್ನಲು ನಿನ್ನ ತುಟಿ ಆಗಲೇ ದುಂಡಗಾಗಿತ್ತು. ನೀನು ಹೊರಟುಹೋದರೆ ಆ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರು ಎಂದು ಹೆದರಿ, ಗೊತ್ತಿದ್ದೂ ಬೇರೆ ಸಾಲು ಕೊಟ್ಟೆ. ಪ್ರಾಂಪ್ಟರ್ ಮಾಡಬಾರದ ಪಾಪ ಅದೊಂದೇ. ಒಪ್ಪಿಗೆ ಎಂದ ಮೇಲೆ ನೀನು ಇನ್ನೇನು ಹೇಳುತ್ತಿದ್ದೆಯೋ, ಅದು ಮಾತ್ರ ನಿಜವಾಗಿಯೂ ಗೊತ್ತಿಲ್ಲ. ಹಾಳೆ ಅದಕ್ಕೆ.